ತಲೆಹೊರೆಯ ದೂರ: ಮೈಸೂರಿನ ಊಟತಿಂಡಿಯ ಜಾಡಿನಲ್ಲಿ ಒಂದು ನಡಿಗೆ

(ಮೈಸೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಈ ಸಭಾಂಗಣದ ಮೆಟ್ಟಿಲು ಹತ್ತುತ್ತಿದ್ದಾಗ ನಿಮ್ಮಲ್ಲೊಬ್ಬಳು ವಿದ್ಯಾರ್ಥಿನಿ ನನ್ನನ್ನು ನಿಲ್ಲಿಸಿ, "ಮೇಡಂ, ಮೈಸೂರಿನಲ್ಲಿ ತಿನ್ನಲೇಬೇಕಾದ ಹತ್ತು ತಿನಿಸುಗಳನ್ನು ಹೇಳುತ್ತೀರಾ? ಭಾನುವಾರ ಗೆಳತಿಯರೆಲ್ಲ ಸುತ್ತಲು ಹೊರಟಿದ್ದೇವೆ" ಎಂದು ಕೇಳಿದಳು. ಪಟ್ಟಿ ಕೊಡುವುದಿಲ್ಲ, ಒಳಗೆ ಬಂದು ಕೂತುಕೋ, ಹಾದಿ ಹೇಳುತ್ತೇನೆ ಎಂದೆ. ಪಟ್ಟಿ ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದೆ. ಪಟ್ಟಿ ಹಿಡಿದು ಹೊರಟವರು ಒಂದು ಅಂಗಡಿಯ ಬಾಗಿಲಲ್ಲಿ ಆಟೋ ಹತ್ತಿ ಮತ್ತೊಂದು ಅಂಗಡಿಯ ಬಾಗಿಲಲ್ಲಿ ಇಳಿಯುತ್ತಾರೆ. ಎರಡು ಬಾಗಿಲುಗಳ ನಡುವೆ ಇರುವ ಊರು ಅವರ ಕಣ್ಣಿಗೆ ಬೀಳುವುದೇ ಇಲ್ಲ. ನಾನು ಇವತ್ತು ಮಾತನಾಡುವುದು ಆ ನಡುವಿನ ಊರಿನ ಬಗ್ಗೆ.

ನಾವೆಲ್ಲ ಚಿಕ್ಕಂದಿನಿಂದ ಒಂದೇ ಉಸಿರಿನಲ್ಲಿ ಹೇಳುತ್ತ ಬಂದ ಮೂರು ಹೆಸರುಗಳಿವೆ: ಮೈಸೂರು ಮಲ್ಲಿಗೆ, ಮೈಸೂರು ವೀಳೆಯದೆಲೆ, ನಂಜನಗೂಡು ರಸಬಾಳೆ. ಮೂರಕ್ಕೂ ಇವತ್ತು ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇದೆ, ಅಂದರೆ ಈ ಸೀಮೆಯ ಬೆಳೆಗೆ ಮಾತ್ರ ಈ ಹೆಸರು. ಈ ಸಾಲಿಗೆ ನಮ್ಮ ಅಡುಗೆಮನೆಗಳು ಈರನಗೆರೆ ಬದನೆಕಾಯಿಯನ್ನೂ ಸೇರಿಸುತ್ತವೆ. ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿ. ಯಾವುದಕ್ಕೂ ಕಾಯುವ ಗುಣವಿಲ್ಲ. ಮಲ್ಲಿಗೆ ಮೊಗ್ಗಾಗಿರುವಾಗಲೇ ಪೇಟೆ ಸೇರಬೇಕು. ಎಳೆಯ ವೀಳೆಯದೆಲೆ ಬಿಸಿಲು ತಗುಲಿದರೆ ಸೊಪ್ಪಾಗುತ್ತದೆ. ರಸಬಾಳೆಯ ಸಿಪ್ಪೆ ಎಷ್ಟು ತೆಳುವೆಂದರೆ ಹಣ್ಣಾದ ಮೇಲೆ ಕುಲುಕಾಟ ತಾಳುವುದಿಲ್ಲ. ಬದನೆಕಾಯಿಯನ್ನು ಕಿತ್ತ ದಿನವೇ ಒಗ್ಗರಣೆಗೆ ಹಾಕಿದರೆ ಅದರ ರುಚಿಯೇ ಬೇರೆ. ಹಾಗಾದರೆ ಇವು ಬೆಳೆಯುವ ಮಣ್ಣು ಊರಿಗೆ ಎಷ್ಟು ಹತ್ತಿರ ಇರಬೇಕು? ಕೋಳಿ ಕೂಗುವ ಮೊದಲು ಎದ್ದ ಹೆಂಗಸೊಬ್ಬಳು ಬುಟ್ಟಿ ಹೊತ್ತು ನಡೆದು, ಬಿಸಿಲೇರುವುದರೊಳಗೆ ಮಾರಿ, ಮಧ್ಯಾಹ್ನದ ಮುದ್ದೆಗೆ ಮನೆ ಸೇರುವಷ್ಟು ಹತ್ತಿರ. ಇದನ್ನು ನಾನು ತಲೆಹೊರೆಯ ದೂರ ಎಂದು ಕರೆಯುತ್ತೇನೆ. ನಂಜನಗೂಡು ಮಾತ್ರ ಸ್ವಲ್ಪ ಆಚೆ, ರಾತ್ರಿ ಗಾಡಿ ಕಟ್ಟಿದರೆ ಬೆಳಕು ಹರಿಯುವ ಹೊತ್ತಿಗೆ ಬಂದು ಸೇರುವಷ್ಟು. 19ನೆಯ ಶತಮಾನದ ಕೊನೆಯ ದಶಕದಲ್ಲಿ ಆ ದಾರಿಗೆ ರೈಲೂ ಬಂತು.

ಅಕ್ಕಿ, ಬೇಳೆ, ಮೆಣಸಿನಕಾಯಿ, ಬೆಲ್ಲ ಎಲ್ಲಿಂದ ಬೇಕಾದರೂ ಗಾಡಿಯಲ್ಲಿ ಬರಬಹುದು, ಗೋಣಿಯಲ್ಲಿ ತಿಂಗಳುಗಟ್ಟಲೆ ಕೂರಬಹುದು. ಊರಿಗೆ ಹೆಸರು ತಂದುಕೊಟ್ಟದ್ದು ಆ ಗೋಣಿಗಳಲ್ಲ, ಬುಟ್ಟಿಗಳು. ಕಾಲ್ನಡಿಗೆಯಲ್ಲಿ ಬಂದ ರುಚಿಯನ್ನು ಕಾಲ್ನಡಿಗೆಯಲ್ಲೇ ಹೋಗಿ ನೋಡಬೇಕು ಎಂಬುದು ನನ್ನ ನಂಬಿಕೆ. ಮೂವತ್ತು ವರ್ಷಗಳಿಂದ ನಾನು ಹಾಗೆಯೇ ನೋಡುತ್ತ ಬಂದಿದ್ದೇನೆ.

ಇದಕ್ಕೆ ಮಾರ್ಗದರ್ಶಿ ಬೇಡ. ಒಂದು ಬಟ್ಟೆಯ ಚೀಲ, ಸ್ವಲ್ಪ ಚಿಲ್ಲರೆ, ಒಂದು ಬಾಟಲಿ ನೀರು ಸಾಕು. ಇಬ್ಬರು ಮೂವರಿಗಿಂತ ಹೆಚ್ಚು ಜನ ಒಟ್ಟಿಗೆ ಹೋಗಬೇಡಿ. ಹತ್ತು ಜನರ ಗುಂಪು ಮಾರುಕಟ್ಟೆಯ ಓಣಿಗೆ ನುಗ್ಗಿದರೆ ಮೂಟೆ ಹೊತ್ತವರಿಗೆ ದಾರಿ ಇರುವುದಿಲ್ಲ, ಅವರ ಕುತ್ತಿಗೆಯ ಮೇಲೆ ಐವತ್ತು ಕಿಲೋ ಕೂತಿರುತ್ತದೆ. ಫೋಟೋ ತೆಗೆಯುವ ಮೊದಲು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ಮಾರುವವರನ್ನು ಒಂದು ಮಾತು ಕೇಳಿ: "ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ?" ಬೆಲೆ ಕೇಳಿದಾಗ ಬರುವ ದನಿಗೂ ಈ ಪ್ರಶ್ನೆ ಕೇಳಿದಾಗ ಬರುವ ದನಿಗೂ ಎಷ್ಟು ವ್ಯತ್ಯಾಸ ಎಂಬುದು ನಿಮಗೇ ತಿಳಿಯುತ್ತದೆ.

ಬೆಳಿಗ್ಗೆ ಆರೂವರೆಗೆ ನಜರ್‌ಬಾದಿನಿಂದ ಹೊರಡೋಣ. ಟಿಪ್ಪು ಸುಲ್ತಾನ ಕಟ್ಟಿಸಹೊರಟ ಕೋಟೆಯ ಹೆಸರು ಇದು. ಕೋಟೆ ಹೋಗಿ ಹೆಸರು ಉಳಿದಿದೆ, ಆ ಹೆಸರಿಗೆ ಈಗ ಮೈಲಾರಿ ಹೋಟೆಲಿನ ದೋಸೆ ಅಂಟಿಕೊಂಡಿದೆ. ಹೊರಗಿನಿಂದ ಬಂದವರು ಮೊದಲ ತುತ್ತಿಗೆ ಗಲಿಬಿಲಿಗೊಳ್ಳುವುದನ್ನು ನಾನು ನೋಡಿದ್ದೇನೆ. ದೋಸೆ ಎಂದರೆ ಗರಿಗರಿ ಎಂದುಕೊಂಡವರಿಗೆ ಇದು ಮೆತ್ತಗೆ, ಹತ್ತಿಯ ಹಾಗೆ. ಮೇಲೆ ಒಂದು ಉಂಡೆ ಬೆಣ್ಣೆ, ಒಳಗೆ ಸಾಗು, ಪಕ್ಕದಲ್ಲಿ ಕಾಯಿ ಚಟ್ನಿ, ಕೆಳಗೆ ಬಾಳೆ ಎಲೆ. ಎಲೆಯ ಮೇಲೆ ಬೆಣ್ಣೆ ಕರಗಿ ಹರಿಯುವುದರೊಳಗೆ ತಿಂದು ಮುಗಿಸಬೇಕು. ಮುಂಬಯಿಯಲ್ಲಿ ಕೆಂಪು ಚಟ್ನಿ ಬಳಿದದ್ದನ್ನೆಲ್ಲ ಮೈಸೂರು ಮಸಾಲೆ ಎಂದು ಕರೆಯುತ್ತಾರೆ. ಮೈಸೂರಿನ ಹೋಟೆಲಿನಲ್ಲಿ ಕೂತು ಮೈಸೂರು ಮಸಾಲೆ ಕೇಳುವವರು ಯಾರೂ ಇಲ್ಲ, ಇಲ್ಲಿ ಅದು ಬರೀ ಮಸಾಲೆ ದೋಸೆ. ಒಂದನ್ನೇ ತಿನ್ನಿ. ಎರಡನೆಯದಕ್ಕೆ ಮನಸ್ಸು ಎಳೆಯುತ್ತದೆ, ಆದರೆ ಹಾದಿ ಇನ್ನೂ ಉದ್ದವಿದೆ.

ಅಲ್ಲಿಂದ ಅರಮನೆಯ ಉತ್ತರದ ಗೋಡೆಯನ್ನು ಎಡಕ್ಕೆ ಬಿಟ್ಟುಕೊಂಡು ಪಶ್ಚಿಮಕ್ಕೆ ನಡೆಯಿರಿ. ಅರಮನೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಅದಕ್ಕೆ ಹೇಳುವವರು ಬಹಳ ಮಂದಿ ಇದ್ದಾರೆ. ಒಂದು ನಿಮಿಷ ದೊಡ್ಡ ಗಡಿಯಾರದ ಕೆಳಗೆ ಮಾತ್ರ ನಿಲ್ಲಿ. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು. ಅದರ ಮುಖದ ಮೇಲೆ ಕನ್ನಡದ ಅಂಕಿಗಳಿವೆ. ಊರಿಗೆ ಬುಟ್ಟಿ ಹೊತ್ತು ಬಂದ ರೈತ ಹೆಂಗಸು ತಲೆ ಎತ್ತಿ ನೋಡಿದರೆ ಹೊತ್ತು ಎಷ್ಟಾಯಿತೆಂದು ತನ್ನ ಭಾಷೆಯ ಅಂಕಿಯಲ್ಲೇ ತಿಳಿಯಬಹುದಿತ್ತು ಎಂಬುದು ನನಗೆ ಪ್ರತಿ ಸಲವೂ ಸಂತೋಷ ಕೊಡುವ ಸಂಗತಿ. ಸಯ್ಯಾಜಿರಾವ್ ರಸ್ತೆಗೆ ಬಂದು ಉತ್ತರಕ್ಕೆ ಸ್ವಲ್ಪ ನಡೆದರೆ ಚಿಕ್ಕ ಗಡಿಯಾರ. ಅದು 1886ರದು, ವೈಸರಾಯ್ ಲಾರ್ಡ್ ಡಫರಿನ್ ಬಂದುಹೋದ ನೆನಪಿಗೆ ಕಟ್ಟಿದ್ದು. ಅದರ ಎದುರಿಗೇ ದೇವರಾಜ ಮಾರುಕಟ್ಟೆ.

ಇಲ್ಲಿ ನಿಧಾನ ಮಾಡಿ. ಇಡೀ ನಡಿಗೆಯಲ್ಲಿ ಅರ್ಧ ಹೊತ್ತನ್ನು ಇಲ್ಲೇ ಕಳೆದರೂ ನಷ್ಟವಿಲ್ಲ.

ಪ್ರವಾಸಿಗರು ಮೊದಲು ಓಡುವುದು ಕುಂಕುಮದ ಗುಡ್ಡೆಗಳ ಕಡೆಗೆ. ಬಣ್ಣ ಚೆನ್ನಾಗಿದೆ, ನೋಡಿ ಮುಂದೆ ಹೋಗಿ. ಮೂಗು ಹೇಳಿದ ಕಡೆ ನಡೆದರೆ ಹೂವಿನ ಸಾಲು ಸಿಗುತ್ತದೆ, ಅಲ್ಲಿಂದ ಬಾಳೆಹಣ್ಣಿನ ಅಂಗಡಿಗಳು. ಇಲ್ಲಿ ಅಳತೆಗಳೇ ಒಂದು ಭಾಷೆ. ಹೂವು ಮೊಳ ಮಾರು, ಎಲೆ ಕಟ್ಟು, ಬಾಳೆ ಚಿಪ್ಪು. ಕಿಲೋ ಎಂಬುದು ಈ ಓಣಿಗಳಿಗೆ ತಡವಾಗಿ ಬಂದ ನೆಂಟ. ಬಾಳೆಹಣ್ಣಿನ ಅಂಗಡಿಯಲ್ಲಿ ಏಲಕ್ಕಿ ಬಾಳೆ, ಪಚ್ಚಬಾಳೆ, ಚಂದ್ರಬಾಳೆ ಗೊನೆಗೊನೆಯಾಗಿ ತೂಗುತ್ತಿರುತ್ತವೆ. ರಸಬಾಳೆ ಕೇಳಿ. ಇದೆ ಎನ್ನುತ್ತಾರೆ. ಎಲ್ಲಿಯದು ಎಂದು ಕೇಳಿ. ಆಗ ಒಂದು ಕ್ಷಣ ಮೌನ. ಮಣ್ಣಿನಲ್ಲಿ ಕೂತು ಬೇರಿನಿಂದ ಗಿಡವನ್ನು ಕೊಲ್ಲುವ ಸೊರಗು ರೋಗ ನಂಜನಗೂಡಿನ ರಸಬಾಳೆಯ ತೋಟಗಳನ್ನು ತಿಂದುಹಾಕಿದೆ. ಒಮ್ಮೆ ಹೊಲಕ್ಕೆ ಆ ಶಿಲೀಂಧ್ರ ಹೊಕ್ಕರೆ ವರ್ಷಗಟ್ಟಲೆ ಬಿಡುವುದಿಲ್ಲ. ಆದ್ದರಿಂದ ನಿಜವಾದ ರಸಬಾಳೆ ಈಗ ಅಪರೂಪ. ಅಂಗಡಿಯವರನ್ನು ದೂರಬೇಡಿ. ಅವರಲ್ಲಿ ಹಳಬರು ನಿಜ ಹೇಳುತ್ತಾರೆ, "ಅಸಲಿ ಬಂದಾಗ ಹೇಳುತ್ತೇನೆ, ನಂಬರ್ ಕೊಟ್ಟು ಹೋಗಿ" ಎನ್ನುತ್ತಾರೆ. ನನಗೆ ಹಾಗೆ ಒಂದು ಸಲ ಕರೆ ಬಂದಿತ್ತು. ಹೋಗಿ ಒಂದು ಚಿಪ್ಪು ತಂದು ಮೇಜಿನ ಮೇಲೆ ಇಟ್ಟೆ. ಸಂಜೆಯ ಹೊತ್ತಿಗೆ ಇಡೀ ಮನೆಗೆ ಘಮ ಹರಡಿತ್ತು. ಮೇಲಿನ ಮನೆಯ ಅಜ್ಜಿ ಇಳಿದು ಬಂದು, "ರಸಬಾಳೆ ಸಿಕ್ಕಿತೇನಮ್ಮ?" ಎಂದು ಬಾಗಿಲಲ್ಲೇ ಕೇಳಿದರು. ಹಣ್ಣನ್ನು ಅವರು ಇನ್ನೂ ನೋಡಿರಲಿಲ್ಲ.

ವೀಳೆಯದೆಲೆಯ ಅಂಗಡಿಯವರು ಎಲೆಯನ್ನು ಎಣಿಸುವ ಕೈಯನ್ನು ನೋಡಿ. ಕಣ್ಣು ಗಿರಾಕಿಯ ಮೇಲೆ, ಮಾತು ಪಕ್ಕದ ಅಂಗಡಿಯವರ ಜೊತೆ, ಬೆರಳು ಮಾತ್ರ ತಪ್ಪದೆ ಎಣಿಸುತ್ತ ಹೋಗುತ್ತದೆ. ಇಲ್ಲಿಯ ಎಲೆ ಮೃದು, ನಾರು ಕಡಿಮೆ, ಬಾಯಲ್ಲಿ ಉಳಿಯದೆ ಕರಗುತ್ತದೆ. ಇದು ಬೆಳೆಯುತ್ತಿದ್ದುದು ಊರಿನ ದಕ್ಷಿಣದ ಮಗ್ಗುಲಲ್ಲಿ, ಅಗ್ರಹಾರದಿಂದ ನಂಜನಗೂಡು ರಸ್ತೆಯ ಕಡೆಗಿನ ತಗ್ಗಿನಲ್ಲಿ. ಈಗಲೂ ಅದಕ್ಕೆ ಎಲೆತೋಟ ಎಂದೇ ಹೆಸರು. ನಮ್ಮ ನಡಿಗೆ ಅಲ್ಲಿಯೇ ಮುಗಿಯುತ್ತದೆ, ಆದ್ದರಿಂದ ಆ ಮಾತು ಆಮೇಲೆ.

ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬಂದರೆ ನಿಮ್ಮ ಅದೃಷ್ಟ. ಅವರೆಕಾಯಿಯ ಕಾಲ. ಮಾರುಕಟ್ಟೆಯ ಒಳಗೂ ಹೊರಗಿನ ಫುಟ್‌ಪಾತಿನಲ್ಲೂ ಅವರೆಕಾಯಿಯ ರಾಶಿ. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ. ಈ ಸೊಗಡು ಎಂಬ ಪದಕ್ಕೆ ನಾನು ತಲೆಬಾಗುತ್ತೇನೆ. ಅದು ಬರೀ ವಾಸನೆಯಲ್ಲ, ಸಿಪ್ಪೆಯ ಮೇಲಿನ ಅಂಟು, ಬೆರಳಿಗೆ ಹತ್ತಿ ಎರಡು ದಿನ ಹೋಗದ ಘಾಟು, ಚಳಿಗಾಲದ ಬೆಳಗು ಎಲ್ಲವೂ ಸೇರಿದ್ದು. ಸಿಪ್ಪೆಯನ್ನು ಹಿಡಿದು ನೋಡಿ, ಎಣ್ಣೆ ಸವರಿದ ಹಾಗೆ ಅಂಟಿದರೆ ಕೊಳ್ಳಿ. ಆ ಕಾಲದಲ್ಲಿ ಮೈಸೂರಿನ ಮನೆಗಳಲ್ಲಿ ಸಂಜೆಯಾದರೆ ಎಲ್ಲರೂ ಸುತ್ತ ಕೂತು ಕಾಳು ಬಿಡಿಸುತ್ತಿದ್ದರು, ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಹಿತಕುತ್ತಿದ್ದರು. ಹಿತಕಿದ ಬೇಳೆಯ ಸಾರಿಗೂ ಮುದ್ದೆಗೂ ಇರುವ ನಂಟನ್ನು ನಾನು ಬಾಯಲ್ಲಿ ಹೇಳಿ ಪೂರೈಸಲಾರೆ. ಈಗ ಹಿತಕಿದ ಬೇಳೆಯನ್ನೇ ಪೊಟ್ಟಣದಲ್ಲಿ ಮಾರುತ್ತಾರೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಅದು ದೊಡ್ಡ ಉಪಕಾರ. ಅದನ್ನು ಹಳಿಯುವವರು ಒಂದು ದಿನ ಎರಡು ಕಿಲೋ ಹಿತಕಿ ನೋಡಲಿ.

ಈರನಗೆರೆ ಬದನೆಯನ್ನು ಕೇಳುವುದನ್ನು ಮರೆಯಬೇಡಿ. ಹೆಸರಿನ ಕೊನೆಯಲ್ಲಿ ಕೆರೆ ಇದೆ, ಗಮನಿಸಿ. ಇವತ್ತು ಅದು ಮನೆಗಳು ಒತ್ತೊತ್ತಾಗಿ ನಿಂತ ಬಡಾವಣೆ. ಬದನೆ ಈಗ ಸುತ್ತಲಿನ ಹಳ್ಳಿಗಳಿಂದ ಬರುತ್ತದೆ, ಹೆಸರು ಮಾತ್ರ ಹಳೆಯ ವಿಳಾಸವನ್ನು ಬಿಟ್ಟಿಲ್ಲ. ವಾಂಗಿಬಾತ್ ಮಾಡುವವರಿಗೆ ಇದು ಬೇಕೇ ಬೇಕು. ಚಕ್ಕೆ, ಲವಂಗ, ಮರಾಠಿ ಮೊಗ್ಗು, ಕೊಬ್ಬರಿ ಸೇರಿದ ಆ ಪುಡಿಯ ಖಾರವನ್ನು ಹೀರಿಕೊಂಡರೂ ಹೋಳು ಮುದ್ದೆಯಾಗದೆ ನಿಲ್ಲಬೇಕು. ಒಬ್ಬ ಮಾರುವಾಕೆ ನನಗೆ ಕಲಿಸಿದ್ದು: "ತೊಟ್ಟು ಹಸಿರಾಗಿರಬೇಕು ತಾಯಿ, ಕೈಗೆ ಹಗುರ ಇರಬೇಕು. ಭಾರ ಇದ್ದರೆ ಒಳಗೆಲ್ಲ ಬೀಜ."

ಮಾರುಕಟ್ಟೆಯ ದಕ್ಷಿಣದ ತುದಿಯಲ್ಲಿ, ಸಯ್ಯಾಜಿರಾವ್ ರಸ್ತೆಗೆ ಮುಖ ಮಾಡಿ ಗುರು ಸ್ವೀಟ್ ಮಾರ್ಟ್ ಇದೆ. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಅಡುಗೆಮನೆಯಲ್ಲಿ ಕಡಲೆಹಿಟ್ಟು, ತುಪ್ಪ, ಸಕ್ಕರೆ ಮೂರನ್ನೇ ಸೇರಿಸಿ ಮಾಡಿದ ತಿನಿಸಿಗೆ ಹೆಸರೇನೆಂದು ಕೇಳಿದಾಗ, ಮಾದಪ್ಪನವರು ಮೈಸೂರು ಪಾಕ ಎಂದುಬಿಟ್ಟರು ಎಂಬುದು ಆ ಮನೆತನದಲ್ಲಿ ನಡೆದುಬಂದ ಕಥೆ. ಪಾಕ ಎಂದರೆ ಸಕ್ಕರೆಯ ಪಾಕವೇ. ಒಂದೆಳೆಯ ಹದಕ್ಕೆ ಬಂದ ಪಾಕಕ್ಕೆ ಹಿಟ್ಟು ಉದುರಿಸಿ, ಕುದಿಯುವ ತುಪ್ಪವನ್ನು ಹುಯ್ಯುತ್ತ ಹೋದರೆ ಅದು ಉಕ್ಕುತ್ತದೆ. ಉಕ್ಕಿದಾಗ ಒಳಗೆ ಗೂಡು ಗೂಡಾಗುತ್ತದೆ. ತಟ್ಟೆಗೆ ಸುರಿದ ಮೇಲೂ ನಡುವಿನ ಭಾಗದಲ್ಲಿ ಬಿಸಿ ಉಳಿದು ಬೇಯುತ್ತಲೇ ಇರುತ್ತದೆ. ಅದಕ್ಕೇ ಹಳೆಯ ಕ್ರಮದ ಮೈಸೂರು ಪಾಕನ್ನು ಕತ್ತರಿಸಿದರೆ ಅಂಚು ತಿಳಿಹಳದಿ, ನಡುವೆ ಕಂದು ಪಟ್ಟಿ. ಮೃದುವಾಗಿ ಬಾಯಲ್ಲಿ ಜಾರಿಹೋಗುವ ತುಪ್ಪದ ಪಾಕು ಈಗ ಎಲ್ಲ ಊರಿನಲ್ಲೂ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ನನಗೆ ಆ ಕಂದು ಪಟ್ಟಿ ಇರುವ, ಹಲ್ಲಿಗೆ ಮರಳಿನಂತೆ ಸಿಗುವ ಗಟ್ಟಿ ಪಾಕೇ ಹೆಚ್ಚು. ಎರಡನ್ನೂ ಒಂದೊಂದು ತುಂಡು ತಿಂದು ನೀವೇ ತೀರ್ಮಾನ ಮಾಡಿ. ಸಕ್ಕರೆಯ ಬಗ್ಗೆಯೂ ಒಂದು ಮಾತು. ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಬಯಲಿಗೆ ಹರಿದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಬಿಳಿ ಸಕ್ಕರೆ ನಮ್ಮ ಸೀಮೆಯದೇ ಪದಾರ್ಥವಾಯಿತು. ಅಲ್ಲಿಯವರೆಗೆ ಹಳ್ಳಿಮನೆಗಳ ಸಿಹಿ ಎಂದರೆ ಆಲೆಮನೆಯ ಬೆಲ್ಲ.

ಬೆಲ್ಲವನ್ನು ನೋಡಬೇಕೆಂದರೆ ಸಂತೆಪೇಟೆಗೆ ಹೋಗಿ. ಇದು ಗೋಣಿಗಳ ಲೋಕ, ಗಾಡಿಯಲ್ಲಿ ಬಂದ ಊಟ ಇಲ್ಲಿ ಕೂತಿದೆ. ಅಚ್ಚುಬೆಲ್ಲ, ಉಂಡೆಬೆಲ್ಲ, ಹುಣಸೆ, ಮೆಣಸಿನಕಾಯಿ, ರಾಗಿ, ಬೇಳೆ. ಮೆಣಸಿನಕಾಯಿಯ ಓಣಿಯಲ್ಲಿ ಸೀನು ಬರುತ್ತದೆ, ಕರವಸ್ತ್ರ ಇರಲಿ. ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ. ತಿನ್ನುವ ಜಾಗವಲ್ಲ ಇದು, ತಿನ್ನುವುದೆಲ್ಲ ಶುರುವಾಗುವ ಜಾಗ.

ಇಲ್ಲಿಂದ ದಕ್ಷಿಣಕ್ಕೆ ಅಗ್ರಹಾರದ ಕಡೆ ನಡೆಯುವಾಗ ಹೋಟೆಲುಗಳನ್ನು ಹುಡುಕಬೇಡಿ, ಮನೆಗಳನ್ನು ನೋಡಿ. ಉದ್ದನೆಯ ಜಗಲಿ, ಕಂಬ, ಕೆಂಪು ನೆಲ ಇನ್ನೂ ಅಲ್ಲಲ್ಲಿ ಉಳಿದಿವೆ. ಮೈಸೂರಿನ ಊಟದ ಚರಿತ್ರೆಯಲ್ಲಿ ನನ್ನ ಮಟ್ಟಿಗೆ ಅತ್ಯಂತ ದೊಡ್ಡ ಅಧ್ಯಾಯ ನಡೆದದ್ದು ಯಾವ ಹೋಟೆಲಿನಲ್ಲೂ ಅಲ್ಲ, ಇಂಥ ಮನೆಗಳ ನಡುಮನೆಯಲ್ಲಿ. ಅದರ ಹೆಸರು ವಾರಾನ್ನ.

ಇಲ್ಲಿರುವ ಚಿಕ್ಕವರಿಗಾಗಿ ಬಿಡಿಸಿ ಹೇಳುತ್ತೇನೆ. ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1916ರಲ್ಲಿ. ಅದಕ್ಕೂ ಮೊದಲಿನಿಂದಲೇ ಇಲ್ಲಿ ಕಾಲೇಜು, ಸಂಸ್ಕೃತ ಪಾಠಶಾಲೆ ಇದ್ದವು. ಹಳ್ಳಿಗಳಿಂದ ಓದಲು ಬಂದ ಬಡ ಹುಡುಗರ ಕೈಯಲ್ಲಿ ಊಟಕ್ಕೆ ಕಾಸಿರಲಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಅವರು ಉಂಡು ಓದಿದರು. ನನ್ನ ತಾತ ಹಾಗೆ ಓದಿದವರು. ಮುಪ್ಪಿನಲ್ಲಿ ಅವರಿಗೆ ಇವತ್ತು ಯಾವ ವಾರ ಎಂಬುದು ಮರೆತುಹೋಗುತ್ತಿತ್ತು, ಆದರೆ ಸೋಮವಾರದ ಮನೆಯ ಮೆಣಸಿನ ಸಾರು, ಗುರುವಾರದ ಮನೆಯ ಗೊಜ್ಜು ಮರೆತಿರಲಿಲ್ಲ. "ಶನಿವಾರದ ಮನೆಯ ತಾಯಿ ನಾನು ಉಂಡು ಮೇಲೇಳುವವರೆಗೆ ಕಂಬ ಒರಗಿ ನಿಂತಿರುತ್ತಿದ್ದರು. ಇನ್ನು ಸ್ವಲ್ಪ ಹಾಕಲೇ ಎಂದು ಕೇಳುತ್ತಿರಲಿಲ್ಲ, ಕೇಳದೆ ಹಾಕುತ್ತಿದ್ದರು" ಎನ್ನುವಾಗ ಅವರ ದನಿ ನಡುಗುತ್ತಿತ್ತು. ಕೇಳಿದರೆ ಹುಡುಗ ಸಂಕೋಚದಿಂದ ಬೇಡ ಎನ್ನುತ್ತಾನೆ ಎಂದು ಆ ತಾಯಿಗೆ ಗೊತ್ತಿತ್ತು.

ಎಲ್ಲ ಬಾಗಿಲುಗಳೂ ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲ. ಇದನ್ನು ಹೇಳದೆ ವಾರಾನ್ನದ ಬಗ್ಗೆ ಮಾತನಾಡುವುದು ಅಪ್ರಾಮಾಣಿಕ. ವಾರಾನ್ನ ಹೆಚ್ಚಾಗಿ ಸ್ವಜಾತಿಯ ಮನೆಗಳ ಒಳಗೇ ನಡೆಯಿತು. ಆ ಸೌಕರ್ಯ ಇಲ್ಲದ ಮಕ್ಕಳಿಗಾಗಿ ಬೇರೆ ಬೇರೆ ಸಮುದಾಯಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು, ಮಠಗಳು ಪ್ರಸಾದ ನಿಲಯಗಳನ್ನು ನಡೆಸಿದವು. ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಶುರುಮಾಡಿದ ಉಚಿತ ನಿಲಯ ನಿಮ್ಮಲ್ಲಿ ಹಲವರಿಗೆ ಗೊತ್ತು. ಇಲ್ಲಿ ಕೂತಿರುವವರ ತಂದೆ, ತಾತಂದಿರಲ್ಲಿ ಎಷ್ಟು ಮಂದಿ ಇಂಥ ಪಂಕ್ತಿಯಲ್ಲಿ ಕೂತು ಉಂಡವರು ಎಂದು ಮನೆಗೆ ಹೋಗಿ ಕೇಳಿ. ಆ ಸಾರು, ಆ ಮುದ್ದೆ ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲ. ನಮ್ಮ ನಾಡಿನ ಮೇಷ್ಟರು, ವಕೀಲರು, ಎಂಜಿನಿಯರುಗಳಲ್ಲಿ ಬಹಳ ಮಂದಿ ಅದನ್ನು ಉಂಡು ಬೆಳೆದವರು.

ಮಾಂಸದ ಊಟದ ಬಗ್ಗೆ ಏಕೆ ಹೇಳುತ್ತಿಲ್ಲ ಎಂದು ಹಿಂದಿನ ಸಾಲಿನಲ್ಲಿ ಗುಸುಗುಸು ಕೇಳಿಸುತ್ತಿದೆ. ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ, ಒಂದೇ ಹೊಟ್ಟೆಗೆ ಎಲ್ಲವನ್ನೂ ತುಂಬುವುದು ಊಟಕ್ಕೆ ಮಾಡುವ ಅವಮಾನ. ಆ ದಿನ ಚಿಕ್ಕ ಗಡಿಯಾರದಿಂದ ದಕ್ಷಿಣಕ್ಕೆ ತಿರುಗದೆ ಉತ್ತರಕ್ಕೆ, ಮಂಡಿ ಮೊಹಲ್ಲಾದ ಕಡೆಗೆ ನಡೆಯಿರಿ. ಮಂಡಿ ಎಂದರೆ ಸಗಟು ವ್ಯಾಪಾರದ ಜಾಗ. ಮೂಟೆ ಹೊರುವವರು, ಗಾಡಿ ಹೊಡೆಯುವವರು, ದಲ್ಲಾಳಿಗಳು ಬೆಳಗಿನ ಜಾವದಿಂದ ಮೈಮುರಿದು ದುಡಿಯುವ ಕಡೆ ಊಟ ಬೇಗ ಸಿದ್ಧವಾಗಬೇಕು, ಗಟ್ಟಿಯಾಗಿರಬೇಕು. ಅಲ್ಲಿಯ ಅಕ್ಬರ್ ರಸ್ತೆಯ ಹನುಮಂತು ಹೋಟೆಲಿನ ಮಟನ್ ಪಲಾವ್ 1930ರ ಸುಮಾರಿನಿಂದ ನಡೆದುಬಂದದ್ದು. ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯ ಖಾರ, ಸಣ್ಣ ಅಕ್ಕಿ, ಮೆತ್ತಗೆ ಬೆಂದ ಮಾಂಸ. ಇದನ್ನು ಬಿರಿಯಾನಿಯ ಜೊತೆ ಹೋಲಿಸಬೇಡಿ, ಇದು ನಮ್ಮ ಹಳ್ಳಿಯ ಬಾಡೂಟದ ಪೇಟೆಯ ತಮ್ಮ. ತಡವಾಗಿ ಹೋದರೆ ಹಂಡೆಯ ತಳ ನೋಡಿ ಬರಬೇಕಾಗುತ್ತದೆ. ರಂಜಾನ್ ತಿಂಗಳ ಸಂಜೆಗಳಲ್ಲಿ ಅಶೋಕ ರಸ್ತೆಯ ಸುತ್ತಮುತ್ತಲಿನ ಬೀದಿಗಳಿಗೂ ಹೋಗಿ, ಉಪವಾಸ ಬಿಡುವ ಹೊತ್ತಿಗೆ ಆ ಬೀದಿಗಳು ಪಡೆಯುವ ಕಳೆಯನ್ನು ನೋಡಬೇಕು.

ಇದೇ ಊರಿನಲ್ಲಿ ದೂರವನ್ನು ಗೆಲ್ಲುವ ಕೆಲಸವೂ ನಡೆದಿದೆ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಶುರುವಾಯಿತು. ಎಮ್ಮೆಯ ಹಾಲಿನಿಂದ ಕೂಸುಗಳಿಗೆ ಒಗ್ಗುವ ಹಾಲಿನ ಪುಡಿ ತಯಾರಿಸುವ ವಿಧಾನವನ್ನು ಕಂಡುಹಿಡಿದವರು ಇವರೇ. 1961ರಲ್ಲಿ ಬಂದ ರಕ್ಷಣಾ ಆಹಾರ ಸಂಶೋಧನಾಲಯ ಹಿಮದ ಗಡಿಯಲ್ಲಿ ನಿಂತ ಸೈನಿಕರಿಗೆ ಕೆಡದ ಊಟವನ್ನು ಸಿದ್ಧಪಡಿಸಿತು, ರಾಕೇಶ್ ಶರ್ಮಾ 1984ರಲ್ಲಿ ಬಾಹ್ಯಾಕಾಶಕ್ಕೆ ಹೋದಾಗಲೂ ಜೊತೆಗೆ ಇಲ್ಲಿಯ ತಿನಿಸು ಹೋಯಿತು. ಮಧ್ಯಾಹ್ನದೊಳಗೆ ಬಾಡುವ ಎಲೆಗೆ ಹೆಸರಾದ ಊರಿನಲ್ಲಿ, ತಿಂಗಳುಗಟ್ಟಲೆ ಬಾಡದ ಊಟವನ್ನೂ ಕಲಿತರು. ನನಗೆ ಎರಡರ ಬಗ್ಗೆಯೂ ಹೆಮ್ಮೆ ಇದೆ. ಆದರೆ ಎರಡನೆಯದನ್ನು ಕಾಪಾಡಲು ಸಂಸ್ಥೆಗಳಿವೆ, ಕಟ್ಟಡಗಳಿವೆ, ಅನುದಾನವಿದೆ. ಮೊದಲನೆಯದಕ್ಕೆ ಇರುವುದು ಆ ಬುಟ್ಟಿ ಹೊತ್ತ ಹೆಂಗಸರು ಮತ್ತು ಒಂದು ಹಳೆಯ ಮಾರುಕಟ್ಟೆ.

ಆ ಮಾರುಕಟ್ಟೆಯ ಸ್ಥಿತಿ ನಿಮಗೆ ಗೊತ್ತು. 2012ರ ಆಗಸ್ಟಿನಲ್ಲಿ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ಜೀವಗಳು ಹೋದವು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಒಂದು ಭಾಗ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕು ಎನ್ನುವವರು, ದುರಸ್ತಿ ಮಾಡಿ ಉಳಿಸಬೇಕು ಎನ್ನುವವರು, ಇಬ್ಬರ ವಾದವೂ ವರ್ಷಗಳಿಂದ ನಡೆದಿದೆ. ಪ್ರಾಣಕ್ಕಿಂತ ಗೋಡೆ ದೊಡ್ಡದಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೂ ಸರಿಯಾದ ಗಾರೆಯಿಂದ, ಬಲ್ಲವರ ಕೈಯಿಂದ ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೆಂಬುದೇ ನನ್ನ ನಿಲುವು. ಹೊಸ ಕಟ್ಟಡ ಬಂದರೆ ಅಂಗಡಿಗಳಿಗೆ ಜಾಗ ಸಿಗಬಹುದು. ಎರಡು ಅಂಗಡಿಗಳ ನಡುವಿನ ನೆಲದ ಮೇಲೆ ಗೋಣಿ ಹಾಸಿ ಇಪ್ಪತ್ತು ಕಟ್ಟು ಸೊಪ್ಪು ಇಟ್ಟುಕೊಂಡು ಕೂರುವವಳಿಗೆ ಯಾವ ನಕ್ಷೆಯಲ್ಲಿ ಜಾಗ ಬರೆಯುತ್ತಾರೆ? ಅವಳ ಬಳಿ ಬಾಡಿಗೆ ಪತ್ರವಿಲ್ಲ, ಕರಾರು ಇಲ್ಲ.

ಅಗ್ರಹಾರ ದಾಟಿ ಎಲೆತೋಟಕ್ಕೆ ಬಂದೆವು. ಇಲ್ಲಿಗೆ ಬಿಸಿಲು ಏರಿರುತ್ತದೆ. ನಾನು ಚಿಕ್ಕವಳಿದ್ದಾಗ ಈ ದಾರಿಯಲ್ಲಿ ಹೋದರೆ ಮರಕ್ಕೆ ಹಬ್ಬಿದ ಹಂಬುಗಳ ಸಾಲಿನಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು, ಕಾಲುವೆಯ ನೀರಿನ ಸದ್ದು ಕೇಳಿಸುತ್ತಿತ್ತು. ಈಗ ತೋಟಗಳು ಮನೆಗಳ ನಡುವಿನ ತುಂಡುಗಳಾಗಿ ಉಳಿದಿವೆ. ಒಬ್ಬ ಹಿರಿಯರು ಏಣಿಯ ಮೇಲೆ ನಿಂತು ಎಲೆ ಕೊಯ್ಯುತ್ತಿದ್ದರು. ಮಾತನಾಡಿಸಿದೆ. ಮಕ್ಕಳಿಗೆ ಇದು ಬೇಡವಂತೆ, ನಿವೇಶನ ಮಾಡೋಣ ಎನ್ನುತ್ತಾರಂತೆ. "ಅವರದೂ ತಪ್ಪಿಲ್ಲ ತಾಯಿ. ಎಲೆಬಳ್ಳಿಗೆ ದಿನಾ ಮಗುವಿಗೆ ಮಾಡಿದ ಹಾಗೆ ಮಾಡಬೇಕು. ನಿವೇಶನಕ್ಕೆ ನೀರು ಹಾಕಬೇಕಾಗಿಲ್ಲವಲ್ಲ" ಎಂದರು. ಇಳಿದು ಬಂದು ಎರಡು ಚಿಗುರೆಲೆ ಕೈಗಿತ್ತರು. ಅಡಿಕೆ ಸುಣ್ಣ ಏನೂ ಇಲ್ಲದೆ ಬರೀ ಎಲೆಯನ್ನೇ ಅಗಿದೆ. ಅಷ್ಟು ಎಳೆಯ ಎಲೆಯನ್ನು ನಾನು ಅಂಗಡಿಯಲ್ಲಿ ಕಂಡಿಲ್ಲ. ಬಳ್ಳಿಯ ಬುಡದಲ್ಲಿ ನಿಂತವರಿಗೆ ಮಾತ್ರ ಅದು ಸಿಗುತ್ತದೆ.

ಕೊನೆಯದಾಗಿ ಬೆರಕೆ ಸೊಪ್ಪಿನ ಮಾತು. ಕೀರೆ, ಅಣ್ಣೆ, 	ಗೋಣಿಸೊಪ್ಪು, ಹೊನಗೊನೆ, ಚಿಲಕರಿವೆ, ಹೀಗೆ ಯಾರೂ ಬಿತ್ತದೆ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದನ್ನು ಚಿವುಟಿ ತಂದು ಒಟ್ಟಿಗೆ ಮಾರುವುದು. ಇದನ್ನು ಕೊಯ್ಯಬೇಕೆಂದರೆ ನಡೆಯಲೇಬೇಕು, ಬೇರೆ ದಾರಿಯಿಲ್ಲ. ಮಸ್ಸೊಪ್ಪಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಮಳೆ ಬಿದ್ದ ಹದಿನೈದು ದಿನಕ್ಕೆ ಬರುವ ಸೊಪ್ಪು ಬೇರೆ, ಚಳಿಯಲ್ಲಿ ಬರುವುದು ಬೇರೆ.

ದೇವರಾಜ ಮಾರುಕಟ್ಟೆಯ ಹೊರಗೆ ನಾನು ಬಹಳ ವರ್ಷದಿಂದ ಸೊಪ್ಪು ಕೊಳ್ಳುವ ಒಬ್ಬ ವೃದ್ಧೆ ಇದ್ದಾರೆ. ಕಳೆದ ವಾರ ಹೋದಾಗ ಎಂಟು ಗಂಟೆ ದಾಟಿದ್ದರೂ ಅವರ ಗೋಣಿ ಇನ್ನೂ ಬಿಚ್ಚಿರಲಿಲ್ಲ. ಏಕಜ್ಜಿ ತಡ ಎಂದೆ. "ಮೊದಲು ನಮ್ಮೂರ ಬದುವಿನಲ್ಲೇ ಸಿಗುತ್ತಿತ್ತು ಕಣವ್ವ, ನಡೆದೇ ಬರುತ್ತಿದ್ದೆ. ಈಗ ಅಲ್ಲೆಲ್ಲ ಕಲ್ಲು ನೆಟ್ಟಿದ್ದಾರೆ. ತಂಗಿಯ ಊರಿಗೆ ಹೋಗಿ ಕೊಯ್ದು ತರಬೇಕು, ಎರಡು ಬಸ್ಸು ಹತ್ತಬೇಕು" ಎಂದರು. ಎರಡು ಕಟ್ಟು ಕೊಂಡೆ. ದುಡ್ಡು ಎಣಿಸಿಕೊಂಡು ಸೆರಗಿಗೆ ಕಟ್ಟಿದ ಮೇಲೆ, ಗೋಣಿಯೊಳಗೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದು ಕೊಸರು ಎಂದು ನನ್ನ ಚೀಲಕ್ಕೆ ತುರುಕಿದರು. "ಇವತ್ತೇ ಮಾಡಿಬಿಡು. ನಾಳೆಗೆ ಇಡಬೇಡ."